ಸಲೈನ್ ಬಾಟಲಿಯಲ್ಲಿ ಕುತ್ತಿಗೆಯ ಗಂಟು

ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿತ್ತು: ‘ಇರಬಹುದು ಗಿರಿಜಮ್ಮ’. ಬೆನ್ನ ಹಿಂದೆ ಹೇಳಿಕೊಂಡು ನಗುತ್ತಾರೆ, ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ ಎಂದುಕೊಂಡಿದ್ದೆ. ನಿವೃತ್ತಿಯ ದಿನ ಮೈಕ್ ಹಿಡಿದೇ ಹೇಳಿದರು. ಹೆಸರು ಬಂದದ್ದು ಹೀಗೆ. ಡಾಕ್ಟರು ಲ್ಯಾಬಿನ ಬಾಗಿಲಲ್ಲಿ ನಿಂತು “ಏನ್ರೀ ಗಿರಿಜಮ್ಮ, ಮಲೇರಿಯಾನಾ?” ಎಂದರೆ “ಇರಬಹುದು ಸಾರ್” ಎನ್ನುತ್ತಿದ್ದೆ. “ಟೈಫಾಯ್ಡಾ?” ಎಂದರೆ ಅದಕ್ಕೂ “ಇರಬಹುದು.” ಕಣ್ಣಾರೆ ಕಂಡದ್ದನ್ನೂ ಇನ್ನೊಂದು ಸ್ಲೈಡ್ ಮಾಡಿ ನೋಡದೆ ಒಪ್ಪಿದವಳಲ್ಲ ನಾನು. ಮನೆಯಲ್ಲೂ ಅಷ್ಟೇ, ಹಾಲಿನವನು ತಂದ ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಒಲೆಗಿಡುವುದು. ನಮ್ಮ ಯಜಮಾನರು, “ಮದುವೆಗೆ ಮುಂಚೆ ನನ್ನ ರಕ್ತ ಪರೀಕ್ಷೆ ಮಾಡಲಿಲ್ಲವಲ್ಲ, ಅದೇ ಆಶ್ಚರ್ಯ” ಎಂದು ಇವತ್ತಿಗೂ ಹಂಗಿಸುತ್ತಾರೆ. ಮಾಡಬೇಕಿತ್ತು.

ನನ್ನ ಊರು ಸಾಲಿಗ್ರಾಮ. ಲ್ಯಾಬ್ ಟೆಕ್ನಿಷಿಯನ್ ಆಗಿ ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣಗಳಲ್ಲಿ ಕೆಲಸ ಮಾಡಿ ಕೊನೆಗೆ ಹುಣಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಲೆ ನಿಂತೆ. ಯಾವ ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ, ರೋಗಿಗಳ ಹೆಸರನ್ನು ಬದಲಿಸಿದ್ದೇನೆ. ಬಡ್ತಿಯ ವಿಷಯವೂ ಬೇಡ. ಸಿಕ್ಕಿದ್ದು ಒಂದೇ ಬಡ್ತಿ, ಅದರಿಂದ ಆದ ಲಾಭ ನನ್ನ ಕುರ್ಚಿಗೆ ಕೈ ಬಂದದ್ದು. ಈಗ ಲ್ಯಾಬಿಗೆ ಸೇರುವ ಮಕ್ಕಳು ಕೇಳುತ್ತಾರೆ, “ಮೇಡಂ, ಯಂತ್ರವೇ ಎಲ್ಲ ಎಣಿಸಿ ಕೊಡುತ್ತೆ, ನಾವು ಕಲಿಯೋದೇನು?” ಎಂದು. ನಾವು ಗಾಜಿನ ಚೌಕದಲ್ಲಿ ರಕ್ತಕಣಗಳನ್ನು ಒಂದೊಂದಾಗಿ ಕಣ್ಣಲ್ಲೇ ಎಣಿಸುತ್ತಿದ್ದ ಕಾಲ ಹೋಯಿತು, ಒಳ್ಳೆಯದೇ ಆಯಿತು. ಆದರೆ ಯಂತ್ರ ತನಗೆ ಹಾಕಿದ್ದನ್ನು ಮಾತ್ರ ಎಣಿಸುತ್ತದೆ. ಯಾರು ಹಾಕಿದರು, ಯಾವುದರಲ್ಲಿ ಹಾಕಿದರು ಎಂದು ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನೀವು.

ಮೊದಲು ಪಿರಿಯಾಪಟ್ಟಣದ ಜವರಯ್ಯನ ವಿಷಯ ಹೇಳುತ್ತೇನೆ. ಆತ ತಂಬಾಕಿನ ಎಲೆ ಒಣಗಿಸಿ ಹದಮಾಡುವ ಬ್ಯಾರನ್ ಮನೆಗಳಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸದವನು. ಬಾಯಿಯ ಅಂಗುಳಿನಲ್ಲಿ ಕಪ್ಪು ಮಚ್ಚೆ ಎದ್ದಿದೆ ಎಂದು ಬಂದ. ತಂಬಾಕಿನ ಸೀಮೆಯಲ್ಲಿ ಬಾಯಲ್ಲಿ ಏನು ಎದ್ದರೂ ತೀರ್ಪು ಮೊದಲೇ ಬರೆದಿಟ್ಟಿರುತ್ತಾರೆ. ಡಾಕ್ಟರು ಬಾಯಿ ತೆರೆಸಿ, “ಕಡ್ಡಿಪುಡಿ ಹಾಕ್ತೀಯಾ?” ಎಂದರು. ಆತ ತಲೆಯಾಡಿಸಿದ. ವಿಚಾರಣೆ ಮುಗಿಯಿತು.

ರಕ್ತ ತೆಗೆಯುವಾಗ ನನ್ನ ಕಣ್ಣು ಆತನ ಪಾದದ ಮೇಲೆ ಬಿತ್ತು. ಅಲ್ಲಿಯೂ ನೇರಳೆ ಹಣ್ಣಿನ ಬಣ್ಣದ ಮೂರು ಮಚ್ಚೆಗಳಿದ್ದವು. ಎರಡು ಸಾಲಾಗಿ, ಒಂದು ಹೆಬ್ಬೆರಳ ಪಕ್ಕದಲ್ಲಿ. ಕಡ್ಡಿಪುಡಿಯನ್ನು ಯಾರೂ ಕಾಲಿನಿಂದ ಜಗಿಯುವುದಿಲ್ಲವಲ್ಲ ಎಂದುಕೊಂಡೆ. ಇನ್ನೊಂದು ಅನುಮಾನವೂ ಬಂತು, ಈ ಪಾದವನ್ನು ನಾನು ಮುಂಚೆ ನೋಡಿದ್ದೇನೆ. ಹಳೆಯ ರಿಜಿಸ್ಟರ್ ತೆಗೆದೆ. ಹಿಂದಿನ ತಿಂಗಳು ಇದೇ ಊರಿನ, ಇದೇ ವಯಸ್ಸಿನ ‘ಸಿದ್ದಪ್ಪ’, ಅದರ ಹಿಂದೆ ‘ಮಾದೇಗೌಡ’. ಹೆಸರು ಮೂರು, ಪಾದ ಒಂದೇ.

“ಯಾಕಯ್ಯ ಹೆಸರು ಬದಲಾಯಿಸ್ತೀಯ?” ಎಂದು ಗದರಿದೆ.

“ನಿಮ್ ಕಾಗ್ದ ಯಾರ್ ಕೈಗೆ ಓಗ್ತದೋ ಯಾರ್ಗ್ ಗೊತ್ತು ಬುಡಕ್ಕ,” ಎಂದ. “ಅಟ್ಟೀಲಿ ಒಬ್ರಿಗೆ ಗೊತ್ತಾದ್ರೆ ನೀರ್ ಕೊಡಕ್ಕಿಲ್ಲ.”

ಆತನಿಗೇ ಒಳಗೊಳಗೆ ಅನುಮಾನವಿತ್ತು. ಆಪ್ತ ಸಮಾಲೋಚಕರು ಕೂರಿಸಿ ಮಾತಾಡಿದ ಮೇಲೆ, ತಾನೇ ಒಪ್ಪಿ, ಸ್ವಂತ ಹೆಸರಿನಲ್ಲಿ ರಕ್ತ ಕೊಟ್ಟ. ಎಚ್‌ಐವಿ ಇತ್ತು. ಮಚ್ಚೆ ತಂಬಾಕಿನದಲ್ಲ, ಮೈಯ ಶಕ್ತಿ ಕುಗ್ಗಿದಾಗ ಒಂದು ಜಾತಿಯ ವೈರಸ್ ಎಬ್ಬಿಸುವ ಗೆಡ್ಡೆ ಎಂದು ಮೈಸೂರಿನಿಂದ ವರದಿ ಬಂತು. ನನ್ನ ಇಡೀ ನೌಕರಿಯಲ್ಲಿ ನೋಡಿದ್ದು ಅದೊಂದೇ. ಎಚ್‌ಐವಿ ಮಾತ್ರೆ ಶುರುವಾಗಿ ಎಂಟು ತಿಂಗಳಿಗೆ ಮಚ್ಚೆ ಮಾಸಿತು. ಆಮೇಲೂ ಆತ ಲ್ಯಾಬಿಗೆ ಬಂದಾಗ ನಾನು ಮೊದಲು ಪಾದ ನೋಡಿಯೇ ಹೆಸರು ಬರೆದುಕೊಳ್ಳುತ್ತಿದ್ದೆ.

ಆಗ ನನಗೆ ವಿಷಯ ತಿಳಿಸಿದವರು ಮೈಸೂರಿನ ಪೆಥಾಲಜಿ ಡಾಕ್ಟರಮ್ಮ. ನಾನು ಅದನ್ನು ನನ್ನ ಭಾಷೆಗೆ ತಂದುಕೊಂಡದ್ದು ಹೀಗೆ. ಕೆಲವು ವೈರಸ್‌ಗಳು ನಮ್ಮಲ್ಲಿ ಬಹುಪಾಲು ಜನರ ಮೈಯೊಳಗೆ ಚಿಕ್ಕಂದಿನಿಂದಲೇ ಇರುತ್ತವೆ, ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಯ ಹಾಗೆ. ಹಗ್ಗ ಗಟ್ಟಿ ಇರುವ ತನಕ ಇದೆಯೆಂದೇ ಗೊತ್ತಾಗುವುದಿಲ್ಲ. ಎಚ್‌ಐವಿ ಆ ಹಗ್ಗವನ್ನು ಸವೆಸುತ್ತದೆ. ಕೆಲವೊಮ್ಮೆ ನಾವೇ, ಬೇಕೆಂದೇ, ಮಾತ್ರೆ ಕೊಟ್ಟು ಸಡಿಲ ಮಾಡುತ್ತೇವೆ. ಬೇರೆಯವರ ಕಿಡ್ನಿ ಹಾಕಿಸಿಕೊಂಡವರಿಗೆ ಅದು ಅನಿವಾರ್ಯ, ಇಲ್ಲದಿದ್ದರೆ ಮೈ ಆ ಕಿಡ್ನಿಯನ್ನು ಪರಕೀಯವೆಂದು ಕೊಂದುಹಾಕುತ್ತದೆ.

ರಫೀಕ್ ಅಂಥವನು. ಹುಣಸೂರಿನ ಪೇಟೆಯಲ್ಲಿ ಮರಗೆಲಸ. ನಾನು ಹೇಳುವ ಸಂಗತಿಗೆ ಮೂರು ವರ್ಷ ಮುಂಚೆ ಮೈಸೂರಿನಲ್ಲಿ ಅವನಿಗೆ ಕಿಡ್ನಿ ಹಾಕಿದ್ದರು. ಕೊಟ್ಟವಳು ಹೆಂಡತಿ ನಸೀಮಾ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ನನ್ನ ಹತ್ತಿರ ಇಬ್ಬರೂ ಬರುತ್ತಿದ್ದರು. ಸೂಜಿ ಕಂಡರೆ ರಫೀಕ್ ಗೋಡೆಯ ಕಡೆ ತಿರುಗುತ್ತಿದ್ದ, ನಸೀಮಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. “ಕಿಡ್ನಿ ಚೆನ್ನಾಗೈತಾ ಅಕ್ಕಾ?” ಎಂದು ಪ್ರತಿ ಸಲ ಕೇಳುವಳು, ಅವಳಿಗೂ ನನ್ನ ಉತ್ತರ “ಇರಬಹುದು.” ಒಂದು ಸಲ ಅವಳು ಒಬ್ಬಳೇ ಮೊದಲು ಒಳಗೆ ಬಂದಳು.

“ಅಕ್ಕಾ, ಇವ್ರ ಕುತ್ಗೇಲಿ ಗಂಟ್ ಎದ್ದೈತೆ. ಒಂದಲ್ಲ, ಎಲ್ಡು. ನಮ್ಮತ್ತೆ ಅದ್ನ ನೋಡಿದ್ಮೇಲೆ ನನ್ ಕೈಯಿಂದ ನೀರು ಇಸ್ಕೊತಿಲ್ಲ.”

“ನಿನಗೂ ಗಂಟಿಗೂ ಏನು ಸಂಬಂಧ?”

“ಕಿಡ್ನಿ ನಂದಲ್ವಾ ಅಕ್ಕಾ. ನನ್ ಮೈಯಾಗಿದ್ ಕಾಯ್ಲೆ ಅದ್ರ್ ಜೊತೆ ಅವರ್ಗೆ ಓಯ್ತು ಅಂತವ್ರೆ.”

ನನಗೆ ಮೈ ಉರಿಯಿತು. ಹೊಟ್ಟೆಯ ಪಕ್ಕ ಸೀಳಿಸಿಕೊಂಡು ಗಂಡನನ್ನು ಉಳಿಸಿದವಳ ಮೇಲೆ ಇಂಥ ಮಾತು. ಆದರೆ ಅನುಮಾನದ ರುಚಿ ನನಗೂ ಗೊತ್ತು, ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ನಮ್ಮ ದೊಡ್ಡ ಡಾಕ್ಟರು ಕೆಟ್ಟವರಲ್ಲ. ಬಡವರಿಗೆ ಫೀಸು ಬಿಟ್ಟುಬಿಡುತ್ತಿದ್ದರು. ಆದರೆ ಅವಸರದ ಮನುಷ್ಯ, ಕುತ್ತಿಗೆಯ ಗಂಟು ಎಂದರೆ ಟಿಬಿ ಎಂಬುದು ಅವರಿಗೆ ವೇದವಾಕ್ಯ. ನೂರಕ್ಕೆ ತೊಂಬತ್ತು ಸಲ ಅವರೇ ಸರಿ ಇರುತ್ತಿದ್ದರು, ಅದೇ ಅಪಾಯ. ಸೂಜಿ ಹಾಕಿ ಗಂಟಿನಿಂದ ತೆಗೆದ ಹನಿಯನ್ನು ನಾನು ಸ್ಲೈಡ್ ಮಾಡಿ ಬಣ್ಣ ಹಾಕಿದೆ. ಓದಿ ವರದಿ ಕೊಡುವುದು ಪೆಥಾಲಜಿ ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಅಡುಗೆ ಮಾಡಿದವಳು ಉಪ್ಪು ನೋಡದೆ ಇರುತ್ತಾಳೆಯೇ? ಮೂರು ಸ್ಲೈಡ್ ಹುಡುಕಿದರೂ ಒಂದೂ ಟಿಬಿ ಕ್ರಿಮಿ ಸಿಗಲಿಲ್ಲ. ಬದಲಿಗೆ ದೊಡ್ಡ ದೊಡ್ಡ ಕಣಗಳು ಗುಂಪು ಕಟ್ಟಿಕೊಂಡು ಕೂತಿದ್ದವು. ನನಗೆ ಅವುಗಳ ಮುಖ ಹಿಡಿಸಲಿಲ್ಲ.

“ಟಿಬಿ ಮಾತ್ರೆ ಶುರು ಮಾಡಿಬಿಡೋಣ ಗಿರಿಜಮ್ಮ,” ಎಂದರು ಡಾಕ್ಟರು, ಆಗಲೇ ಪೆನ್ನು ತೆಗೆದು.

“ಟಿಬಿ ಇರಬಹುದು ಸಾರ್. ಇಲ್ಲದೆಯೂ ಇರಬಹುದು. ಇವರಿಗೆ ಬೇರೆ ಕಿಡ್ನಿ ಹಾಕಿದ್ದಾರೆ. ಟಿಬಿ ಮಾತ್ರೆ ಹೊಟ್ಟೆಗೆ ಹೋದರೆ ಕಿಡ್ನಿ ಕಾಯೋ ಮಾತ್ರೆಯ ಬಲ ಇಳಿದುಬಿಡುತ್ತಂತಲ್ಲ.”

“ನಿಮಗೆ ಯಾರ್ರೀ ಹೇಳಿದ್ದು?”

“ಅವರ ಮೈಸೂರಿನ ಚೀಟಿ ಹಿಂದೆ ಬರೆದಿದೆ ಸಾರ್. ನಾನು ಚೀಟಿ ಹಿಂದುಗಡೆ ಕೂಡ ಓದ್ತೀನಿ.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಮೈಸೂರಿನ ಕಿಡ್ನಿ ಡಾಕ್ಟರಿಗೆ ಫೋನ್ ಹೋಯಿತು. ಅವರು ಹೇಳಿದ್ದು ಇಷ್ಟು: ಗಂಟನ್ನೇ ತೆಗೆದು ಕಳಿಸಿ, ಏನೆಂದು ಗೊತ್ತಾಗುವ ತನಕ ಯಾವ ಮಾತ್ರೆಯನ್ನೂ ಹೊಸದಾಗಿ ಕೊಡಬೇಡಿ, ಆದರೆ ತಡ ಮಾಡಬೇಡಿ. ತಪ್ಪು ಮಾತ್ರೆ ಕೊಟ್ಟರೆ ನಸೀಮಾ ಕೊಟ್ಟ ಕಿಡ್ನಿ ಹೋಗುತ್ತದೆ, ತಡವಾದರೆ ರಫೀಕನೇ ಹೋಗುತ್ತಾನೆ. ಆ ವಾರ ಪೂರ್ತಿ ನನ್ನ ತಲೆಯಲ್ಲಿ ಅದೇ ತಿರುಗುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ನೀವು ಎರಡು ಸಲ ಓದಿದರೂ ನಷ್ಟವಿಲ್ಲ.

ಮೈಯಿಂದ ತೆಗೆದ ತುಂಡನ್ನು ಕಳಿಸಲು ಎರಡು ಬಾಟಲಿ. ಟಿಬಿ ಕ್ರಿಮಿಯನ್ನು ಬೆಳೆಸಿ ನೋಡಬೇಕಾದರೆ ಸಲೈನ್ ನೀರಿನಲ್ಲಿ ಹಾಕಬೇಕು, ಏಕೆಂದರೆ ಕ್ರಿಮಿ ಬದುಕಿರಬೇಕು. ಗೆಡ್ಡೆಯನ್ನು ಕತ್ತರಿಸಿ ನೋಡಬೇಕಾದರೆ ಫಾರ್ಮಲಿನ್‌ನಲ್ಲಿ ಹಾಕಬೇಕು, ಏಕೆಂದರೆ ತುಂಡು ಕೊಳೆಯಬಾರದು. ಎರಡೂ ನೋಡಲು ನೀರೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ತಿಳಿಯಾಗಿರುವುದೆಲ್ಲ ನೀರೂ ಅಲ್ಲ. ಅದಕ್ಕೇ ನಾನು ಸಲೈನ್ ಬಾಟಲಿಗೆ ಬಿಳಿ ಪ್ಲಾಸ್ಟರ್, ಫಾರ್ಮಲಿನ್‌ಗೆ ಕೆಂಪು ಪ್ಲಾಸ್ಟರ್ ಅಂಟಿಸುವ ಪದ್ಧತಿ ಮಾಡಿದ್ದೆ. ನಮ್ಮಲ್ಲಿ ಕುತ್ತಿಗೆಯ ಗಂಟು ಬಂದರೆ ಟಿಬಿಗೇ ಬರುವುದು. ಹದಿನೈದು ವರ್ಷ ನಾನೇ ನರ್ಸ್‌ಗಳಿಗೆ ಪಾಠ ಹೇಳಿದ್ದೆ, “ಕುತ್ತಿಗೆ ಗಂಟಿಗೆ ಬಿಳಿ ಬಾಟಲಿ.”

ಆ ಶುಕ್ರವಾರ ಆಪರೇಷನ್ ಕೋಣೆಯಿಂದ “ಗಿರಿಜಮ್ಮಾ, ಬಾಟಲಿ” ಎಂದು ಕೂಗಿದರು. ನಾನು ಕೊಟ್ಟೆ. ಹೆಸರನ್ನು ಎರಡು ಸಲ ನೋಡಿದೆ, ವಯಸ್ಸು ನೋಡಿದೆ, ಮುಚ್ಚಳ ಸೋರುತ್ತದೆಯೇ ಎಂದು ತಲೆಕೆಳಗು ಮಾಡಿ ನೋಡಿದೆ. ಬಸ್ಸಿನಲ್ಲಿ ಮೈಸೂರಿಗೆ ಒಯ್ಯಲು ನಸೀಮಾಳ ಕೈಗೆ ಕೊಟ್ಟು, “ಮಡಿಲಲ್ಲೇ ಇಟ್ಟುಕೋ, ಸೀಟಿನ ಮೇಲೆ ಇಡಬೇಡ” ಎಂದು ಎಚ್ಚರಿಸಿದೆ. ಅವಳು ಊಟದ ಡಬ್ಬಿಯ ಚೀಲದಲ್ಲಿಟ್ಟು ಎದೆಗವಚಿಕೊಂಡು ಹೋದಳು. ತಲುಪುವ ಹೊತ್ತಿಗೆ ಅಲ್ಲಿ ಕೆಲಸದ ವೇಳೆ ಮುಗಿದಿತ್ತು. ಆಮೇಲೆ ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬದ ರಜೆ.

ಮಂಗಳವಾರ ಅಲ್ಲಿಂದ ಫೋನ್ ಬಂತು. “ಮೇಡಂ, ಗಂಟು ಸಲೈನ್‌ನಲ್ಲಿ ಬಂದಿದೆ. ಪೂರ್ತಿ ಕೊಳೆತಿದೆ. ಏನೂ ಓದೋಕೆ ಆಗಲ್ಲ.”

ನಾನು ಏನು ಮಾಡಿದೆ ಗೊತ್ತೇ? ಎಲ್ಲರ ಮೇಲೂ ಅನುಮಾನಪಟ್ಟೆ. ಮೊದಲು ಮೈಸೂರಿನವರ ಮೇಲೆ, ಅವರೇ ಬಾಟಲಿ ಬದಲಿಸಿ ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು. ಆಮೇಲೆ ನರ್ಸ್ ಮೇಲೆ. ಹೇಳಲು ನಾಚಿಕೆಯಾಗುತ್ತದೆ, ಒಂದು ಗಳಿಗೆ ನಸೀಮಾಳ ಮೇಲೂ, ಬಸ್ಸಿನಲ್ಲಿ ಚೆಲ್ಲಿ ನೀರು ತುಂಬಿಸಿದಳೇನೋ ಎಂದು. “ಬಾಟಲಿ ಫೋಟೋ ಕಳಿಸಿ” ಎಂದು ದಬಾಯಿಸಿದೆ. ಮೊಬೈಲಿಗೆ ಫೋಟೋ ಬಂತು. ಬಿಳಿ ಪ್ಲಾಸ್ಟರ್. ಅದರ ಮೇಲೆ ‘ರಫೀಕ್, ಕುತ್ತಿಗೆ ಗಂಟು’ ಎಂದು ನನ್ನದೇ ಗುಂಡಗಿನ ಅಕ್ಷರ. ಟಿಬಿ ಇಲ್ಲದೆಯೂ ಇರಬಹುದು ಎಂದು ಡಾಕ್ಟರ ಪೆನ್ನು ತಡೆದವಳು ನಾನು, ಟಿಬಿಯ ಬಾಟಲಿ ಕೊಟ್ಟವಳೂ ನಾನೇ. ಬಾಯಿ ಅನುಮಾನ ಪಡುತ್ತಿತ್ತು, ಕೈ ಮಾತ್ರ ಹದಿನೈದು ವರ್ಷದ ರೂಢಿಯನ್ನು ನಡೆಸಿಬಿಟ್ಟಿತ್ತು. ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತೆ.

ದೊಡ್ಡ ಡಾಕ್ಟರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. “ನೋಡ್ರೀ, ಸ್ಯಾಂಪಲ್ ಸಾಲಲಿಲ್ಲ, ಇನ್ನೊಂದು ಗಂಟು ತೆಗೀಬೇಕು ಅಂತ ಹೇಳಿದರಾಯ್ತು. ಎಲ್ಲಾ ಕಡೆ ಹೀಗೇ ಹೇಳೋದು. ನಿಮ್ಮ ಹೆಸರೂ ಉಳಿಯುತ್ತೆ, ಆಸ್ಪತ್ರೆಯದೂ ಉಳಿಯುತ್ತೆ.”

ಹಾಗೇ ಹೇಳುವುದೆಂದು ನಾನೂ ಒಪ್ಪಿದ್ದೆ. ಬುಧವಾರ ಬೆಳಿಗ್ಗೆ ನಸೀಮಾ ಬಂದಳು, ಮುಖ ಊದಿತ್ತು.

“ಅಕ್ಕಾ, ವರದಿ ಯಾಕ್ ಬರ್ಲಿಲ್ಲ? ನಮ್ಮತ್ತೆ ಯೋಳ್ತಾವ್ರೆ, ಬಸ್ಸಲ್ಲಿ ನಾನೇ ಬಾಟ್ಲಿಗೆ ಏನೋ ಮಾಡ್ದೆ ಅಂತ. ನನ್ ಕಿಡ್ನೀದು ತಪ್ಪು ಆಚೆ ಬತ್ತದೆ ಅಂತ ಎದ್ರಿ ಮಾಡ್ದೆ ಅಂತ. ಇವ್ರೂ ಸುಮ್ನವ್ರೆ. ಇನ್ನೊಂದ್ ಸತಿ ಕುಯ್ಸ್ಕೊಳ್ಳಲ್ಲ ಅಂತವ್ರೆ.”

ನನ್ನ ತಪ್ಪು ಅವಳ ತಲೆಗೆ ಹೋಗಿ ಕೂತಿತ್ತು. ಡಾಕ್ಟರಿಗೆ ಹೇಳದೆ ಅವಳ ಜೊತೆಯೇ ಹೊರಟೆ.

ಮನೆಯ ಮುಂಭಾಗದಲ್ಲೇ ಕಾರ್ಖಾನೆ. ರಫೀಕ್ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಅರ್ಧ ಮಾಡಿದ ಬಾಗಿಲಿನ ಮುಂದೆ ಸುಮ್ಮನೆ ಕೂತಿದ್ದ. ಒಳಗೆ ಮಂಚದ ಮೇಲೆ ಅವನ ತಾಯಿ, ಕೈಯಲ್ಲಿ ಜಪಮಣಿ. ನನಗೆ ಚಹಾ ಬಂತು, ಕುಡಿಯಲಿಲ್ಲ. ನಿಂತೇ ಹೇಳಿದೆ. “ಅಮ್ಮಾ, ಬಾಟಲಿ ತಪ್ಪಿಸಿದ್ದು ನಾನು. ನಸೀಮಾ ಅಲ್ಲ, ಮೈಸೂರಿನವರಲ್ಲ, ನರ್ಸ್ ಅಲ್ಲ. ಕೆಂಪು ಬಾಟಲಿ ಕೊಡೋ ಜಾಗದಲ್ಲಿ ಬಿಳಿ ಬಾಟಲಿ ಕೊಟ್ಟೆ. ಇದು ನೋಡಿ, ನನ್ನ ಅಕ್ಷರ.” ಮೊಬೈಲ್ ತೋರಿಸಿದೆ.

ರಫೀಕ್ ಎದ್ದು ಒಳಗೆ ಬಂದು ಫೋಟೋ ನೋಡಿ, “ಮರ ತಪ್ಪಾಗಿ ಕುಯ್ದ್ರೆ ಇನ್ನೊಂದ್ ಮರ ತರ್ಬೌದು ಮೇಡಂ. ಇದು ನನ್ ಕುತ್ಗೆ,” ಎಂದ. ಕೈಮುಗಿದೆ.

ಮುದುಕಿ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. “ತಪ್ ಮಾಡಿ ಮನೀಗ್ ಬಂದ್ ಒಪ್ಕೊಂಡೋರ್ನ ನಾನ್ ನೋಡಿಲ್ಲ,” ಎಂದಳು. “ನೀನು ಸುಳ್ ಯೋಳೋಳಲ್ಲ ಕಣವ್ವ. ಅಂಗಾದ್ರೆ ಇದೂ ಯೋಳು. ಈ ಗಂಟು ಇವಳ್ ಕಿಡ್ನಿಯಿಂದ ಬಂತಾ?”

ನಸೀಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ತಾನಾಗಿ ಪಕ್ಕೆಯ ಮೇಲೆ, ಆ ಹಳೆಯ ಗಾಯದ ಜಾಗಕ್ಕೆ ಹೋಯಿತು.

ಗಂಟು ಏನೆಂದೇ ಇನ್ನೂ ಗೊತ್ತಿರಲಿಲ್ಲ. ಜವರಯ್ಯನ ಕಾಲದಿಂದ ನನಗಿದ್ದ ಅನುಮಾನ ಒಂದೇ, ಇದೂ ಹಗ್ಗ ಸವೆದು ಎದ್ದ ವೈರಸ್ಸಿನದ್ದು ಎಂದು. ಆ ವೈರಸ್ ರಫೀಕನ ಮೈಯಲ್ಲಿ ಮೊದಲೇ ಇತ್ತೋ, ಕಿಡ್ನಿಯ ಜೊತೆ ಹೋಯಿತೋ, ನನಗೇನು ಗೊತ್ತು? ಆದರೆ ಆ ಕೈ ನೋಡಿದೆ.

“ಇಲ್ಲ,” ಎಂದೆ. “ಅವಳ ಕಿಡ್ನಿಯಿಂದ ಬಂದದ್ದಲ್ಲ.”

ಮುದುಕಿ ಜಪಮಣಿಯನ್ನು ಕಣ್ಣಿಗೊತ್ತಿಕೊಂಡಳು. “ನಸೀಮಾ, ನಂಗೂ ಒಂದ್ ಲೋಟ ಚಾ ತಾ,” ಎಂದಳು. ನನ್ನ ಚಹಾ ತಣ್ಣಗಾಗಿತ್ತು, ಆದರೂ ಕುಡಿದೆ.

ಮರುದಿನ ರಫೀಕ್ ಎರಡನೇ ಗಂಟು ತೆಗೆಸಿಕೊಂಡ. ಬಾಟಲಿಯ ಮುಚ್ಚಳ ತೆರೆದು ಎಲ್ಲರಿಗೂ ದೂರದಿಂದ ವಾಸನೆ ತೋರಿಸಿದೆ, ಫಾರ್ಮಲಿನ್ ಆದರೆ ಕಣ್ಣು ಉರಿಯುತ್ತದೆ. ದೊಡ್ಡ ಡಾಕ್ಟರು ಕಣ್ಣೊರೆಸಿಕೊಳ್ಳುತ್ತಾ, “ಈಗ ನಂಬಿಕೆ ಬಂತೇನ್ರೀ?” ಎಂದರು. “ಇರಬಹುದು ಸಾರ್,” ಎಂದೆ. ನಾನು ಅವರಿಗೆ ಹೇಳದೆ ಹೋಗಿ ತಪ್ಪೊಪ್ಪಿಕೊಂಡದ್ದಕ್ಕೆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಎರಡು ಬಾಟಲಿಯನ್ನೂ ಮೇಜಿನ ಮೇಲಿಟ್ಟು, ಯಾವುದಕ್ಕೆ ಯಾವುದು ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಿದ ಮೇಲಷ್ಟೇ ತುಂಡು ಹಾಕಬೇಕೆಂಬ ನಿಯಮವನ್ನು ಅವರೇ ಬರೆದು ಗೋಡೆಗೆ ಅಂಟಿಸಿದರು.

ವರದಿ ಬಂತು. ಟಿಬಿಯಲ್ಲ. ಲಿಂಫೋಮಾ, ಗಂಟುಗಳ ಕ್ಯಾನ್ಸರ್. ವೈರಸ್ ಇದೆಯೇ ಎಂದು ನೋಡುವ ವಿಶೇಷ ಬಣ್ಣ ಹಾಕಿದಾಗ ಕಣಗಳ ತುಂಬ ಇತ್ತು. ಮೈಸೂರಿನವರು ಕಿಡ್ನಿ ಕಾಯುವ ಮಾತ್ರೆಗಳನ್ನು ಇಳಿಸಿದರು, ಸಡಿಲ ಮಾಡಿದ ಹಗ್ಗವನ್ನು ಮತ್ತೆ ಬಿಗಿ ಮಾಡಿದ ಹಾಗೆ. ಬಿಗಿ ಹೆಚ್ಚಾದರೆ ಕಿಡ್ನಿ ಹೋಗುತ್ತಿತ್ತು. ಜೊತೆಗೆ ಇಂಜೆಕ್ಷನ್‌ಗಳು. ಆರು ತಿಂಗಳು ಪ್ರತಿ ವಾರ ಅವನ ರಕ್ತ ತೆಗೆದು ಫಲಿತಾಂಶ ಬರುವ ತನಕ ನಾನು ಊಟಕ್ಕೆ ಏಳುತ್ತಿರಲಿಲ್ಲ. ಕಿಡ್ನಿ ಒಮ್ಮೆ ಮುಗ್ಗರಿಸಿತು, ಮತ್ತೆ ಸಾವರಿಸಿಕೊಂಡಿತು. ಗಂಟು ಕರಗಿತು.

ಅಷ್ಟರಲ್ಲಿ ಪೆಥಾಲಜಿ ಡಾಕ್ಟರಮ್ಮನನ್ನು ಕೇಳಿದ್ದೆ, ವೈರಸ್ ಎಲ್ಲಿಂದ ಬಂದಿರುತ್ತದೆ ಎಂದು. “ಹೆಚ್ಚಾಗಿ ಅವರದೇ, ಚಿಕ್ಕಂದಿನದು. ಆದರೆ ಕೊಟ್ಟವರಿಂದಲೂ ಬರೋದುಂಟು. ಕಿಡ್ನಿ ಹಾಕುವ ಮುಂಚಿನ ಪರೀಕ್ಷೆಯ ಕಾಗದ ಇದ್ದರೆ ಸ್ವಲ್ಪ ಹೇಳಬಹುದು,” ಎಂದರು. ರಫೀಕನ ಫೈಲ್ ಪೂರ್ತಿ ತಿರುವಿಹಾಕಿದೆ. ಆ ಕಾಗದ ಇರಲಿಲ್ಲ. ಕಾಗದ ಸಿಗಲಿಲ್ಲವೆಂದು ನೌಕರಿಯಲ್ಲಿ ನಾನು ಸಮಾಧಾನಪಟ್ಟದ್ದು ಅದೊಂದೇ ಸಲ. ಹುಡುಕಿದೆನೆಂದು ಯಾರಿಗೂ ಹೇಳಲಿಲ್ಲ.

ನಿವೃತ್ತಿಯಾದ ಮುಂದಿನ ವಾರ ನಸೀಮಾ ಸಾಲಿಗ್ರಾಮದ ನಮ್ಮ ಮನೆಗೆ ಬಂದಳು. ರಫೀಕ್ ಮಾಡಿದ ಒಂದು ತೇಗದ ಪೆಟ್ಟಿಗೆ ತಂದಿದ್ದಳು, ಒಳಗೆ ಸ್ಲೈಡ್ ನಿಲ್ಲಿಸಲು ಸಣ್ಣ ಸಣ್ಣ ಸಂದು ಕೊರೆದಿತ್ತು. ನಿವೃತ್ತಳಿಗೆ ಸ್ಲೈಡ್ ಪೆಟ್ಟಿಗೆ ಯಾಕೆ ಎಂದು ನಕ್ಕೆ. ಅತ್ತೆ ತೀರಿಕೊಂಡು ವರ್ಷವಾಯಿತೆಂದು ಹೇಳಿದಳು.

“ಕೊನೇ ತಂಕ ನನ್ ಕೈಯಿಂದ್ಲೇ ಉಂಡ್ರು ಅಕ್ಕಾ. ಬೇರೆಯೋರು ತುತ್ತು ಇಟ್ರೆ ಬಾಯ್ ಬುಡ್ತಿರ್ಲಿಲ್ಲ.”

ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು. “ಅಕ್ಕಾ, ಅವತ್ತು ಅತ್ತೆ ಮುಂದೆ ಯೋಳಿದ್ರಲ್ಲ, ನನ್ ಕಿಡ್ನಿಯಿಂದ ಬಂದಿದ್ದಲ್ಲ ಅಂತ. ಅದು ದಿಟಾನಾ?”

ಇನ್ನು ಯಾರಿಗೆ ಹೆದರಬೇಕು? ಆದರೂ ಹಳೆಯ ರೂಢಿಯ ಮಾತೇ ಬಾಯಿಗೆ ಬಂತು. “ಇರಬಹುದು,” ಎಂದೆ.

ನಸೀಮಾ ನಕ್ಕಳು. ಕಣ್ಣಲ್ಲಿ ನೀರಿತ್ತು.

“ನಂಗ್ ಅವತ್ತೇ ಗೊತ್ತಾಯ್ತು ಅಕ್ಕಾ,” ಎಂದಳು. “ಅವತ್ತು ನೀವು ‘ಇರಬಹುದು’ ಅನ್ಲಿಲ್ಲ.”

ಎದ್ದು ಲೋಟ ತೊಳೆದಿಟ್ಟು, ಹುಣಸೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.